ಅರ್ಧ ಮಾತ್ರೆ

ಪ್ರತಿ ತಿಂಗಳ ಮೊದಲ ಮಂಗಳವಾರ, ಚಹಾದ ಹೊತ್ತಿಗೆ ಸರಿಯಾಗಿ ಪೋರ್ಟ್ ಪಿರಿ ಎಂಬ ಊರಿನಿಂದ ಸವೇರಿಯೊ ಫೋನ್ ಮಾಡುತ್ತಿದ್ದ. ಸೀಸದ ಕುಲುಮೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಕೇಳುವುದು ಒಂದೇ ಮಾತು: "ನನ್ನ ಮಗಳ ರಕ್ತದಲ್ಲಿ ಏನಾದ್ರೂ ಸಿಕ್ತೇನಮ್ಮಾ?" ಅಡಿಲೇಡಿನಲ್ಲಿ, ಸತ್ತವರ ರಕ್ತ ಪರೀಕ್ಷಿಸುವ ಲ್ಯಾಬಿನಲ್ಲಿ ಕೂತ ಮೆರಿನ್ ಹನ್ನೊಂದು ತಿಂಗಳಿಂದ ಹೇಳುತ್ತಿದ್ದುದೂ ಒಂದೇ: "ಏನೂ ಪತ್ತೆಯಾಗಿಲ್ಲ. ನೀವು ಮರಣ ವಿಚಾರಣೆ ಕಚೇರಿಯವರನ್ನೇ ಕೇಳ್ಬೇಕು." ಫೋನ್ ಇಡುವಷ್ಟರಲ್ಲಿ ಅವಳ ಚಹಾ ತಣ್ಣಗಾಗಿರುತ್ತಿತ್ತು, ಯಾರ ಮೇಲೆಂದು ತಿಳಿಯದ ಸಿಟ್ಟು ಬಂದಿರುತ್ತಿತ್ತು.

ಆ 'ಪತ್ತೆಯಾಗಿಲ್ಲ' ಎಂಬ ಪದ ಕಂಡರೇ ಅವಳಿಗೆ ಮೈಯುರಿ. ರಕ್ತ ಪರೀಕ್ಷಿಸುವ ಯಂತ್ರ ತನ್ನ ಪಟ್ಟಿಯಲ್ಲಿರುವ ಪದಾರ್ಥಗಳ ಹೆಸರನ್ನು ಮಾತ್ರ ಹೇಳುತ್ತದೆ. ಎಲ್ಲೋ ಯಾವನೋ ಶೆಡ್ಡಿನಲ್ಲಿ ಕೂತು ಹೊಸದೊಂದು ಮಾದಕ ಪುಡಿ ತಯಾರಿಸಿದರೆ ಅದರ ಹೆಸರು ಪಟ್ಟಿಗೆ ಸೇರಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಅದನ್ನು ನುಂಗಿ ಸತ್ತವರ ರಕ್ತವೂ ಕಾಗದದ ಮೇಲೆ ಶುದ್ಧ. ಕಾಗದ ಓದಿದವರು 'ಏನೂ ಇರಲಿಲ್ಲವಂತೆ' ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ.

ಸವೇರಿಯೊನ ಮಗಳು ಅಡೀನಾಗೆ ಇಪ್ಪತ್ತಾರು ವರ್ಷ. ಕಾರಿನ ಪೆಟ್ರೋಲು ಖಾಲಿ ಮಾಡಿ ತಂದು ನಿಲ್ಲಿಸಿದಳೆಂದು ಅಪ್ಪ ಬಾಯಿಗೆ ಬಂದಂತೆ ಬೈದಿದ್ದ. ಅವಳು ತನ್ನ ಬಾಡಿಗೆ ಮನೆಗೆ ಹೋಗಿ, ಗೆಳತಿ ಕೊಟ್ಟಿದ್ದ ನಿದ್ದೆ ಮಾತ್ರೆಯನ್ನು ಮುರಿದು ಅರ್ಧ ನುಂಗಿ ಮಲಗಿದಳು. ಏಳಲಿಲ್ಲ. ಮಿಕ್ಕರ್ಧವನ್ನು ಮನೆ ಒಪ್ಪ ಮಾಡಲು ಬಂದ ಸೋದರತ್ತೆ ಕಸಕ್ಕೆ ಹಾಕಿದ್ದಳು. ಅರ್ಧ ನಿದ್ದೆ ಮಾತ್ರೆಗೆ ಯಾರೂ ಸಾಯುವುದಿಲ್ಲ, ರಕ್ತದಲ್ಲೂ ಏನಿಲ್ಲ, ಅಂದಮೇಲೆ ಹುಡುಗಿಯೇ ಏನೋ ಮಾಡಿಕೊಂಡಿರಬೇಕು ಎಂದು ಊರು ತೀರ್ಮಾನಿಸಿತು. ತನ್ನ ಬೈಗುಳವೇ ಅವಳನ್ನು ಕೊಂದಿತೆಂದು ಅಪ್ಪ ನಂಬಿಕೊಂಡಿದ್ದ.

ಒಂದು ಸೋಮವಾರ ಯಂತ್ರದ ಪಟ್ಟಿಗೆ ಹದಿನೇಳು ಹೊಸ ಹೆಸರು ಸೇರಿದವು. ಹಾಗಾದಾಗೆಲ್ಲ ಮೆರಿನ್ ಹಿಂದಿನ ಒಂದು ವರ್ಷದ ದಾಖಲೆಗಳನ್ನು ಮತ್ತೊಮ್ಮೆ ಜರಡಿ ಹಿಡಿಯುತ್ತಿದ್ದಳು. ಅಡೀನಾಳ ದಾಖಲೆಯಲ್ಲಿ ಒಂದು ಸಣ್ಣ ಚೂಪು ಗೆರೆ ಮೇಲೆದ್ದಿತ್ತು. ಅದು ಹೊಸ ಹೆಸರುಗಳಲ್ಲೊಂದಕ್ಕೆ ಹೊಂದಿತು: ಹೊಸ ಬಗೆಯ ಕೃತಕ ಅಫೀಮು. ಚಿಟಿಕೆಯಷ್ಟೂ ಬೇಡ, ಉಸಿರು ನಿಲ್ಲಿಸುತ್ತದೆ. ವರ್ಷವಿಡೀ ಆ ಗೆರೆ ಅಲ್ಲೇ ಇತ್ತು, ಹೆಸರಿಲ್ಲದೆ.

ಆದರೆ ಗೆರೆಯೊಂದೇ ಸಾಲದು. ರಕ್ತವನ್ನು ಮತ್ತೆ ಪರೀಕ್ಷಿಸಿ, ಆ ಪುಡಿಯ ಶುದ್ಧ ಮಾದರಿಯೊಂದಿಗೆ ಹೋಲಿಸಬೇಕು. ಅಡೀನಾಳ ರಕ್ತ ಉಳಿದಿದ್ದ ಒಂದೇ ಟ್ಯೂಬು ಗುರುವಾರ ನಾಶ ಮಾಡುವ ಹಳೆಯ ಟ್ಯೂಬುಗಳ ಪಟ್ಟಿಯಲ್ಲಿತ್ತು. ಮೆರಿನ್ ಮೇಲಧಿಕಾರಿ ಕ್ಲೈವ್‌ನ ಕೋಣೆಗೆ ನುಗ್ಗಿದಳು. ಅವನು ಕೇಕ್ ತಿನ್ನುತ್ತಿದ್ದ.

"ಟ್ಯೂಬ್ ಉಳಿಸ್ಬೇಕಾದ್ರೆ ವಿಚಾರಣೆ ಕಚೇರಿಯ ಪತ್ರ ಬೇಕು," ಎಂದ.

"ಕೇಳ್ದೆ. ಪತ್ರ ಕೊಡೋಕೆ ನಮ್ಮ ವರದಿ ಬೇಕಂತೆ."

"ಸರಿ, ವರದಿ ಕಳ್ಸು."

"ಟ್ಯೂಬ್ ಪರೀಕ್ಷೆ ಮಾಡ್ದೆ ವರದಿ ಎಲ್ಲಿಂದ ತರ್ಲಿ?"

"ಮುಗಿದ ಕೇಸು ಅದು. ಮತ್ತೆ ಪರೀಕ್ಷೆ ಮಾಡೋಕೂ ಪತ್ರ ಬೇಕು."

"ನಿಂಗೆ ಕೇಳಿಸ್ತಿದ್ಯಾ, ನೀನು ಏನ್ ಹೇಳ್ತಿದೀಯ ಅಂತ?"

"ನನ್ ಮೇಲ್ಯಾಕೆ ರೇಗ್ತೀಯ? ಈ ನಿಯಮ ನಾನು ಬರೆದಿದ್ದಾ?"

"ಹೌದು. ಕೆಳಗೆ ನಿಂದೇ ಸಹಿ ಇದೆ."

ಅವಳು ಮುಂದಿಟ್ಟ ನಿಯಮದ ಕಾಗದವನ್ನು ಕ್ಲೈವ್ ತಿರುಗಿಸಿ ನೋಡಿದ. ಸಹಿ ಅವನದೇ. ಬೆರಳಿಗಂಟಿದ ಕೇಕಿನ ಕೊಬ್ಬರಿ ತುರಿ ಒರೆಸಿಕೊಂಡ.

ಮೆರಿನ್ ಆ ದರಿದ್ರ ನಿಯಮವನ್ನು ಮೂರು ಸಲ ಓದಿದಳು. ಗುರುವಾರ ಗಾಡಿಯವನು ಒಯ್ಯುವುದು ಫ್ರೀಜರಿನಲ್ಲಿರುವ ಟ್ಯೂಬುಗಳನ್ನು ಮಾತ್ರ. 'ಪರೀಕ್ಷೆಯಲ್ಲಿದೆ' ಎಂಬ ಹಳದಿ ಚೀಟಿ ಅಂಟಿಸಿ ಮೇಜಿನ ಮೇಲಿಟ್ಟದ್ದನ್ನು ಅವನು ಮುಟ್ಟುವಂತಿಲ್ಲ. ಚೀಟಿಯನ್ನು ಯಾರು ಅಂಟಿಸಬಹುದು ಎಂದು ಬರೆಯಲು ಕ್ಲೈವ್ ಮರೆತಿದ್ದ. ಅವಳು ಅಂಟಿಸಿದಳು.

ಅತ್ತ ಹಾದುಹೋದ ಕ್ಲೈವ್ ಚೀಟಿಯನ್ನು ನೋಡಿ ನಿಂತ. "ನಾನು ಹೊರಗೆ ಹೋಗ್ತಿದೀನಿ," ಎಂದ. "ಮಧ್ಯಾಹ್ನದ ತನಕ ಬರಲ್ಲ. ಏನ್ ಮಾಡ್ತೀಯೋ ಮಾಡ್ಕೊ."

ಟ್ಯೂಬಿನಲ್ಲಿದ್ದುದು ಒಂದೇ ಪರೀಕ್ಷೆಗೆ ಸಾಲುವಷ್ಟು ರಕ್ತ. ಕೈ ತಪ್ಪಿದರೆ ಅಡೀನಾಳ ಸಾವಿಗೆ ಸಾಕ್ಷಿಯೇ ಇಲ್ಲ. ಇಪ್ಪತ್ತು ವರ್ಷದ ಅನುಭವವಿದ್ದರೂ ಅವಳಿಗೆ ಹೆದರಿಕೆಯಾಯಿತು. ಎರಡು ಗಂಟೆಯ ನಂತರ ರಕ್ತದ ಗೆರೆ, ಶುದ್ಧ ಮಾದರಿಯ ಗೆರೆ ಎರಡೂ ಒಂದರ ಮೇಲೊಂದು ಸರಿಯಾಗಿ ಕೂತವು.

ವಿಚಾರಣೆ ಕಚೇರಿಗೆ ವರದಿ ಹೋಯಿತು. ಸರತಿಯಲ್ಲಿದೆ, ಮನೆಯವರಿಗೆ ತಿಳಿಸಲು ಎಂಟು ವಾರವಾದರೂ ಬೇಕು, ಅಲ್ಲಿಯವರೆಗೆ ಲ್ಯಾಬಿನವರು ಬಾಯಿ ಬಿಡಕೂಡದು ಎಂದು ಕಚೇರಿಯಿಂದ ಉತ್ತರ ಬಂತು. ಮೆರಿನ್ ಆ ಉತ್ತರವನ್ನು ಪೂರ್ತಿ ಓದುವ ಗೋಜಿಗೂ ಹೋಗಲಿಲ್ಲ.

ತಿಂಗಳ ಮೊದಲ ಮಂಗಳವಾರ ಎಂದಿನಂತೆ ಸವೇರಿಯೊನ ಫೋನ್ ಬಂತು. "ಏನಾದ್ರೂ ಸಿಕ್ತೇನಮ್ಮಾ?"

ನಿಯಮದಂತೆ ಹೇಳಬೇಕಾದ ಮಾತು ಅವಳಿಗೆ ಬಾಯಿಪಾಠವಾಗಿತ್ತು. "ಅರ್ಧ ಮಾತ್ರೆ ಅಂದಿದ್ರಲ್ಲ ನೀವು?" ಎಂದಳು.

"ಹೂಂ. ಅರ್ಧವೇ."

"ಅದು ನಿದ್ದೆ ಮಾತ್ರೆ ಅಲ್ಲ. ಹಾಗೆ ಕಾಣೋ ಥರ ಮಾಡಿದ್ರು. ಒಳಗಿದ್ದದ್ದು ವಿಷ. ಅರ್ಧವೇ ಸಾಕಾಗಿತ್ತು. ಅವಳಿಗದು ಗೊತ್ತಿರೋಕೆ ಸಾಧ್ಯವೇ ಇರ್ಲಿಲ್ಲ."

ಮುದುಕ ಕೇಳಿದ, "ಹಾಗಾದ್ರೆ ಅವಳು ಸತ್ತಿದ್ದು ನನ್ ಮೇಲಿನ ಸಿಟ್ಟಿಗಲ್ವಾ?"

"ಸಿಟ್ಟು ಇದ್ದಿರಬಹುದು," ಎಂದಳು ಮೆರಿನ್. "ಸಾಯ್ಬೇಕು ಅನ್ನೋರು ಮಾತ್ರೆ ಮುರಿದು ಅರ್ಧ ಎತ್ತಿಡಲ್ಲ. ಬೆಳಿಗ್ಗೆ ಏಳ್ಬೇಕು ಅಂತಲೇ ಅವಳು ಮಲಗಿದ್ದು."