ಜೇಡದ ಬಲಗೈ

ಬೆಳಿಗ್ಗೆ ಪುಣೆಯ ಅಂಚಿನ ವಾಕಡದಿಂದ ನಿಗಡಿಗೆ ಹೊರಟಾಗ ನನ್ನ ಚೀಲದಲ್ಲಿ ಹನ್ನೊಂದು ಪುಟಗಳ ಕರಡಚ್ಚು ಇತ್ತು. ನಾವು ಬರೆದ ಲೇಖನ ವಿಜ್ಞಾನ ಪತ್ರಿಕೆಯಲ್ಲಿ ಹೇಗೆ ಕಾಣುತ್ತದೋ ಹಾಗೆಯೇ ಬಂದಿತ್ತು. ಎರಡು ದಿನದೊಳಗೆ ತಪ್ಪು ತಿದ್ದಿ ಕಳಿಸಬೇಕು. ಆಮೇಲೆ ಭೀಮಾಶಂಕರದ ಕಡೆಯ ಬೆಟ್ಟದ ಕಾಡಿನಲ್ಲಿರುವ ಒಂದು ಜೇಡಕ್ಕೆ ಮೊದಲ ಬಾರಿಗೆ ಹೆಸರು ಬರುತ್ತದೆ. ಸಾಸಿವೆ ಕಾಳಿನಷ್ಟು ಮೈ, ಎರಡು ಮಿಲಿಮೀಟರಿಗಿಂತ ಹೆಚ್ಚಿಲ್ಲ. ಹೆಸರು ಭಾಮಾ ಕಾಕುವಿನದು. ಅದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಭಾಮಾ ಕಾಕು ಪ್ರಲ್ಹಾದ ಸರ್ ಅವರ ಹೆಂಡತಿ. ಧಾರವಾಡದ ಕಡೆಯವರು. ಸರ್ ಪುಣೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು, ನಾನು ಎಂ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಅವರ ಜೊತೆ ಜೇಡ ಹುಡುಕುತ್ತಿದ್ದೇನೆ. ಮೂವತ್ತು ವರ್ಷ ಸರ್ ಬರೆದ ಲೇಖನಗಳಿಗೆಲ್ಲ ಚಿತ್ರ ಬರೆದವರು ಕಾಕು. ಪ್ರತಿ ಲೇಖನದ ಕೊನೆಯಲ್ಲಿ, ಅರಣ್ಯ ಇಲಾಖೆಗೂ ಜೀಪಿನ ಚಾಲಕನಿಗೂ ಕೃತಜ್ಞತೆ ಹೇಳುವ ಸಾಲಿನಲ್ಲಿ, ಅವರದೂ ಒಂದು ಹೆಸರು ಇರುತ್ತಿತ್ತು.

"ಹೆಂಡತಿ ಹೆಸರು ನಾನ ಇಟ್ರ ಚಂದ ಕಾಣೂದಿಲ್ಲ," ಎಂದಿದ್ದರು ಸರ್, ಕಳೆದ ವರ್ಷ. "ಈ ಹೆಸರು ಇಡೂಣು ಅಂತ ನೀನ ಹೇಳು. ನಾ ಬ್ಯಾಡ ಬ್ಯಾಡ ಅಂದಂಗ ಮಾಡ್ತೀನಿ."

ನಾನು ಹಾಗೇ ಹೇಳಿದೆ, ಅವರು ಹಾಗೇ ಮಾಡಿದರು.

ನಮ್ಮ ಬಳಿ ಇದ್ದದ್ದು ಒಂದೇ ಜೇಡ, ಗಂಡು. ಗಂಡು ಜೇಡದ ಮುಖದ ಮುಂದೆ ಎರಡು ಪುಟ್ಟ ಕೈಗಳಿರುತ್ತವೆ. ಒಂದು ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಆ ಕೈಗಳ ತುದಿಯನ್ನು ನೋಡಿಯೇ. ಎರಡು ಕೈಗಳೂ ಒಂದು ಜೋಡಿ ಚಪ್ಪಲಿಯಂತೆ, ಒಂದಕ್ಕೊಂದು ತಿರುವುಮುರುವು. ಪುಸ್ತಕದಿಂದ ಪುಸ್ತಕಕ್ಕೆ ಹೋಲಿಸಲು ಅನುಕೂಲವಾಗಲೆಂದು ಎಲ್ಲರೂ ಎಡಗೈಯ ಚಿತ್ರವನ್ನೇ ಹಾಕುವುದು ರೂಢಿ. ಎಡಗೈ ಇಲ್ಲದಿದ್ದರೆ ಬಲಗೈ ಬರೆದು, ಕನ್ನಡಿಯಲ್ಲಿ ಕಂಡಂತೆ ತಿರುವಿ ಹಾಕುತ್ತಾರೆ. ನಮ್ಮ ಜೇಡಕ್ಕೆ ಎಡಗೈ ಇರಲಿಲ್ಲ.

ಆ ಕೈಯ ತುದಿಯಲ್ಲಿ ಒಂದು ಮುಳ್ಳಿದೆ. ಅದೇ ಬೆಟ್ಟದಲ್ಲಿ ಸಿಗುವ, ಹಿಂದೆಯೇ ಹೆಸರಿಟ್ಟ ಜೇಡದ ಮುಳ್ಳು ಪುಸ್ತಕದ ಚಿತ್ರದಲ್ಲಿ ಬಲಕ್ಕೆ ಬಾಗುತ್ತದೆ. ನಮ್ಮದು ಎಡಕ್ಕೆ ಬಾಗಿತ್ತು. ಕಾಲುಗಳ ಬಣ್ಣವೂ ಸ್ವಲ್ಪ ತಿಳಿ; ಆದರೆ ಬಣ್ಣವೊಂದನ್ನೇ ನಂಬಿ ಯಾರೂ ಹೊಸ ಜಾತಿ ಎನ್ನುವುದಿಲ್ಲ. ಹನ್ನೊಂದು ಪುಟ ನಿಂತಿದ್ದು ಆ ಮುಳ್ಳಿನ ಮೇಲೆ.

ನಿಗಡಿಯ ಮನೆಯ ಬಾಗಿಲು ತೆರೆದ ಕಾಕುವಿನ ಕೈಯಲ್ಲಿ ಹಿಟ್ಟಿತ್ತು.

"ಬಾ ಭವ್ಯಾ. ಅಪ್ಪನ ಹೋಟೆಲ್ಲಿನ ದೋಸಿ ಬಿಟ್ಟು ನನ್ನ ಥಾಲಿಪೆಟ್ಟಿಗೆ ವಾಕಡದಿಂದ ಬರ್ತಿ ಅಂದ್ರ, ಆ ದೋಸಿ ಹೆಂಗಿರಬಹುದು ಅಂತ ವಿಚಾರ ಮಾಡ್ತಿರ್ತೀನಿ."

"ಅಪ್ಪನಿಗೆ ಹೇಳ್ತೇನೆ ಕಾಕು."

"ಹೇಳು. ಅಂಜತೀನೇನು."

ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಾಗ ನಾನು ಕರಡಚ್ಚನ್ನು ಮುಂದಿಟ್ಟೆ. ಸರ್ ಪೇಪರು ಓದುವ ನೆಪ ಮಾಡುತ್ತ ಕುಳಿತಿದ್ದರು. ಜೇಡದ ಹೆಸರು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು. ಕಾಕು ಕನ್ನಡಕ ಹಾಕಿಕೊಂಡರು. ಮೊದಲ ಪುಟ ತಿರುವಿದರು, ಎರಡನೆಯದು, ಮೂರನೆಯದು. ಅವರ ಮುಖದಲ್ಲಿ ನಾನು ಕಾಯುತ್ತಿದ್ದದ್ದು ಏನೂ ಕಾಣಲಿಲ್ಲ. ಐದನೇ ಪುಟದಲ್ಲಿ ಚಿತ್ರವಿತ್ತು. ಅಲ್ಲಿ ನಿಂತರು. ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದರು.

"ಇದನ್ನ ಯಾರು ತಿರುವಿದ್ರು?"

"ನಾನೇ ಕಾಕು," ಎಂದೆ. "ನೀವು ಮೂಲೆಯಲ್ಲಿ ಬಲ ಅಂತ ಬರ್ದಿದ್ರಿ. ಅದಕ್ಕೆ ಕಂಪ್ಯೂಟರಿನಲ್ಲಿ ತಿರುಗಿಸಿದೆ."

ಅವರು ಒಳಗೆ ಹೋಗಿ ಕಡತ ತಂದರು. ಅದರಲ್ಲಿ ಮೂಲ ಚಿತ್ರ, ಟ್ರೇಸಿಂಗ್ ಪೇಪರಿನದು. ಒಂದು ಬದಿಗೆ ಪೆನ್ಸಿಲ್ ಗೆರೆ. ಹಾಳೆ ತಿರುವಿದರೆ ಇನ್ನೊಂದು ಬದಿಗೆ, ಅದೇ ಗೆರೆಗಳ ಮೇಲೆ, ಶಾಯಿ.

"ಬಲಗೈ ನೋಡಿ ಪೆನ್ಸಿಲ್ಲಿಲೆ ಬರದೆ. ಹಾಳಿ ಬೋರಲ ಹಾಕಿ ಹಿಂದ ಶಾಯಿ ತಗದೆ. ಅಲ್ಲಿಗೆ ತಿರುವಿದಂಗ ಆತು. ಮೂವತ್ತು ವರ್ಷ ಹಿಂಗ ಮಾಡ್ಕೋತ ಬಂದೀನಿ."

"ಮತ್ತೆ ಬಲ ಅಂತ?"

"ಬಲಗೈ ನೋಡಿ ಬರದದ್ದು ಅಂತ. ನೆನಪಿಗೆ."

ಅಂದರೆ ಅವರು ಒಮ್ಮೆ ತಿರುವಿದ್ದರು. ಅದನ್ನೇ ನಾನು ಮತ್ತೊಮ್ಮೆ ತಿರುವಿದ್ದೆ. ಇಬ್ಬರೂ ಮಾಡಬೇಕಾದದ್ದನ್ನೇ ಮಾಡಿದ್ದೆವು. ಇಬ್ಬರೂ ಇನ್ನೊಬ್ಬರಿಗೆ ಹೇಳಿರಲಿಲ್ಲ. ಅಚ್ಚಿನಲ್ಲಿ ಎಡಗೈ ಎಂದು ಬರೆದ ಜಾಗದಲ್ಲಿ ಕುಳಿತಿದ್ದದ್ದು ಬಲಗೈ.

ನನಗೆ ಇನ್ನೊಂದು ನೆನಪಾಯಿತು. ಆ ಚಿತ್ರವನ್ನು ಸೂಕ್ಷ್ಮದರ್ಶಕದ ಪಕ್ಕದಲ್ಲಿಟ್ಟು ಹೋಲಿಸಿದ್ದೆ. ಎರಡೂ ಒಂದೇ ತರ ಕಂಡಿದ್ದವು. ಸರಿಯಾಗಿದೆ ಎಂಬ ಧೈರ್ಯ ಬಂದದ್ದು ಅದರಿಂದಲೇ. ಸೂಕ್ಷ್ಮದರ್ಶಕದ ಕೆಳಗಿದ್ದದ್ದು ಬಲಗೈ, ಚಿತ್ರದಲ್ಲಿ ಇರಬೇಕಾದದ್ದು ಎಡಗೈ; ಒಂದೇ ತರ ಇರಬಾರದಿತ್ತು.

"ಏನಾತು?" ಎಂದರು ಸರ್, ಪೇಪರು ಕೆಳಗಿಟ್ಟು. ನಾನು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳುವಷ್ಟರಲ್ಲಿ ನನಗೇ ಹಿಡಿತ ತಪ್ಪಿತು.

"ಬಲಗೈ ಎಷ್ಟ ಸಲ ತಿರುವಿದ್ರೂ ಮುಳ್ಳು ಇದ್ದಲ್ಲೆ ಇರತದಲ್ಲ," ಎಂದರು.

"ಅಲ್ರೀ, ನಿಮ್ಮ ಬಲಗೈ ಎತ್ರಿ," ಎಂದರು ಕಾಕು.

ಸರ್ ಎತ್ತಿದರು.

"ಅದು ಎಡಗೈ."

"ಬಲಗೈಯಾಗ ಚಹಾ ಅದ."

"ಚಹಾ ಕೆಳಗ ಇಡ್ರಿ."

ಕಾಕು ಅವರ ಎರಡೂ ಅಂಗೈಗಳನ್ನು ಒಂದರ ಪಕ್ಕ ಒಂದು ಇಟ್ಟು, ಹೆಬ್ಬೆರಳುಗಳು ಯಾವ ಯಾವ ಕಡೆ ನೋಡುತ್ತವೆ ಎಂದು ತೋರಿಸಿದರು. ಸರ್ ತಮ್ಮ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

ಜೇಡ ಇನ್ನೂ ಆ ಮನೆಯಲ್ಲೇ ಇತ್ತು. ಲೇಖನ ಅಚ್ಚಾದ ಮೇಲೆ ಸಂಗ್ರಹಾಲಯಕ್ಕೆ ಕೊಡುವುದೆಂದು ಕಾಕುವಿನ ಕಪಾಟಿನಲ್ಲಿ ಇಟ್ಟಿದ್ದೆವು. ಆಲ್ಕೋಹಾಲಿನ ಸೀಸೆಯಿಂದ ತೆಗೆದು, ಚಿತ್ರ ಬರೆಯುವ ಮೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ಮೊದಲು ನಾನು ನೋಡಿದೆ. ಮುಳ್ಳು ಎಡಕ್ಕೆ ಬಾಗಿತ್ತು. ಇದು ಬಲಗೈ, ಆದ್ದರಿಂದ ಎಡಗೈಯಲ್ಲಿ ಬಲಕ್ಕೆ. ಪುಸ್ತಕದ ಜೇಡದ್ದೂ ಎಡಗೈ, ಬಲಕ್ಕೆ. ಹಾಗಾದರೆ ಎರಡೂ ಒಂದೇ ಜಾತಿ; ನಮ್ಮದು ಹೊಸದಲ್ಲ. ಮತ್ತೆ ಮೊದಲಿಂದ ಎಣಿಸಿದೆ. ನಾಲ್ಕನೇ ಸಲಕ್ಕೆ ಎಡ ಎಂಬುದೂ ಬಲ ಎಂಬುದೂ ಬರೀ ಶಬ್ದಗಳಾಗಿ, ಯಾವ ಕಡೆಗೂ ಸೇರದೆ ನಿಂತವು.

ಸರ್ ನೋಡಿದರು. ಪೊರೆ ತೆಗೆಸಿದ ಕಣ್ಣು. ಬಹಳ ಹೊತ್ತು ಹಿಡಿಯಿತು.

"ಕಾಲಿನ ಬಣ್ಣ ಬ್ಯಾರೆ ಅದ," ಎಂದರು.

"ಆಲ್ಕೋಹಾಲಿನಾಗ ಬಣ್ಣ ಇಳೀತದ ಅಂತ ಹುಡುಗರಿಗೆ ಬೈತಿದ್ದವರು ನೀವ."

"ಮುಳ್ಳಿನ ತುದಿ ಸೀಳಿದಂಗ ಕಾಣ್ತದ. ಆ ಇನ್ನೊಂದಕ್ಕ ಹಂಗಿಲ್ಲ."

ಕಾಕು ಬಗ್ಗಿ ನೋಡಿದರು. ನಾನೂ ನೋಡಿದೆ. ಸೀಳಿದ ಹಾಗೂ ಇತ್ತು, ಧೂಳಿನ ಕಣವೊಂದು ಅಂಟಿದ ಹಾಗೂ ಇತ್ತು. ಕುಂಚದಿಂದ ಒರೆಸಲು ನಮ್ಮಲ್ಲಿ ಯಾರಿಗೂ ಧೈರ್ಯವಾಗಲಿಲ್ಲ. ಇದ್ದದ್ದು ಅದೊಂದೇ ಕೈ.

"ಹಿಂಗ ಮಾಡೂಣು," ಎಂದರು ಸರ್, ನನ್ನನ್ನು ನೋಡದೆ. "ಚಿತ್ರ ಸರಿ ಮಾಡಿ ಹಾಕೂಣು. ಮುಳ್ಳಿನ ದಿಕ್ಕಿನ ಮಾತು ತಗದು, ತುದಿ ಸೀಳೇದ ಅಂತ ಬರಿ. ಹೆಸರು ಇರಲಿ."

ನನಗೂ ಅದೇ ಬೇಕಿತ್ತು. ಆದರೆ ನನಗೆ ಬೇಕಾಗಿದ್ದದ್ದು ಜೇಡವೋ, ಮೊದಲ ಲೇಖನವೋ, ಈ ಹೆಂಗಸಿನ ಹೆಸರು ಎಲ್ಲಾದರೂ ಒಂದು ಕಡೆ ಉಳಿಯುವುದೋ, ಬೇರ್ಪಡಿಸಿ ನೋಡಲು ಆಗಲಿಲ್ಲ.

"ಸೀಳೇದೇನು?" ಎಂದು ಕಾಕು ಕೇಳಿದರು. ಅವರ ಧ್ವನಿ ಏರಲಿಲ್ಲ. "ನಿಮಗ ಕಾಣ್ತದೇನು?"

ಸರ್ ಮುಖ ತಿರುಗಿಸಿದರು; ಕಾಕು ನನ್ನ ಕಡೆ ನೋಡಿದರು.

"ನಿನಗ?"

"ಗೊತ್ತಾಗ್ತಾ ಇಲ್ಲ ಕಾಕು."

"ನನಗೂ ಇಲ್ಲ. ಕಾಣದ್ದನ್ನ ನಾ ಹೆಂಗ ಬರೀಲಿ?"

ಸರ್ ಎದ್ದು ಗ್ಯಾಲರಿಗೆ ಹೋಗಿ, ಬಟ್ಟೆ ಒಣಗಿಸುವ ತಂತಿ ಹಿಡಿದು ನಿಂತರು. ಕೆಳಗೆ ಯಾರೋ ಮರಾಠಿಯಲ್ಲಿ ಕಾಯಿಪಲ್ಯೆ ಚೌಕಾಸಿ ಮಾಡುತ್ತಿದ್ದರು. ನಾನು ಲ್ಯಾಪ್‌ಟಾಪ್ ತೆಗೆದು ಸಂಪಾದಕರಿಗೆ ಪತ್ರ ಶುರು ಮಾಡಿದೆ. ಲೇಖನ ವಾಪಸು ತೆಗೆದುಕೊಳ್ಳುತ್ತೇವೆ ಎಂದು ಬರೆದೆ. ಕಾರಣ ಬರೆಯುವಲ್ಲಿ ನಿಂತೆ. ಚಿತ್ರಕಾರರ ತಪ್ಪು ಎಂದರೆ ಸುಳ್ಳು. ನನ್ನ ತಪ್ಪು ಎಂದರೂ ಪೂರ್ತಿ ನಿಜವಲ್ಲ.

"ಏನಂತ ಬರೀಲಿ?"

"ಚಿತ್ರ ಎರಡು ಸಲ ತಿರುವೇದ ಅಂತ ಬರಿ. ಆದದ್ದು ಅದು."

ಅಷ್ಟೇ ಬರೆದೆ. ಗ್ಯಾಲರಿಯ ಕಡೆ ನೋಡಿದೆ. ಸರ್ ತಿರುಗದೆಯೇ ಹೂಂ ಎಂಬಂತೆ ತಲೆ ಆಡಿಸಿದರು. ಕಳಿಸಿಬಿಟ್ಟೆ. ಕಳಿಸಿದ ಮೇಲೆ ಹೊಳೆಯಿತು: ಈ ಪತ್ರದಿಂದ ಏನು ಹೋಯಿತು ಎಂದು ಕಾಕುವಿಗೆ ನಾವು ಹೇಳಲೇ ಇಲ್ಲ. ಈಗ ಹೇಳುವುದು ಹೇಗೆ? ಇಲ್ಲದ ಉಡುಗೊರೆಯ ಸುದ್ದಿ ಕೊಟ್ಟಂತೆ.

ಅವರು ಅಷ್ಟರಲ್ಲಿ ಉಗುರಿನಷ್ಟು ಕಾಗದ ಕತ್ತರಿಸಿ ಹೊಸ ಚೀಟಿ ಬರೆಯುತ್ತಿದ್ದರು. ಸೀಸೆಯೊಳಗಿನ ಚೀಟಿಗೆ ಯಾವಾಗಲೂ ಪೆನ್ಸಿಲ್ಲೇ. ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಊರು, ದಿನ, ಹಿಡಿದವಳು ನಾನು, ಬಲಗೈ ಮಾತ್ರ. ಜಾತಿಯ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಜೇಡವನ್ನೂ ಚೀಟಿಯನ್ನೂ ಒಳಗೆ ಬಿಟ್ಟು ಮುಚ್ಚಳ ಹಾಕಿದರು.

ಥಾಲಿಪೆಟ್ಟು ತಿಂದು ಹೊರಟಾಗ ಪುಟಗಳನ್ನು ಜೋಡಿಸಿದೆ. ಹತ್ತೇ ಇದ್ದವು. ಮೊದಲನೆಯದು ಇರಲಿಲ್ಲ.

"ಅದು ನನ್ನ ಕಡೆ ಇರಲಿ," ಎಂದರು ಕಾಕು, ಬಾಗಿಲ ಬಳಿ.

"ನೀವು ಓದಿದ್ರಾ?"

"ಮೊದಲ ಅದನ್ನ ಓದಿದೆ. ಆಮ್ಯಾಲೆ ಚಿತ್ರ ನೋಡಿದೆ." ನಕ್ಕರೋ ಇಲ್ಲವೋ ತಿಳಿಯಲಿಲ್ಲ. "ಅಷ್ಟ ಸಣ್ಣ ಹುಳಕ್ಕ ನನ್ನ ಹೆಸರು ಹೊರಸೂದು ಅಂದ್ರ ಪಾಪ. ಇದು ಇವರ ಆಟ ಅಂತ ನನಗ ತಿಳಿದಿಲ್ಲ ಅನ್ಕೊಂಡ್ಯಾ? ಮಳಿ ಹಿಡದ ಮ್ಯಾಲೆ ಇಬ್ಬರೂ ಹೋಗಿ ಇನ್ನೊಂದು ಹುಡುಕ್ರಿ. ಈ ಸಲ ಎರಡೂ ಕೈ ಇದ್ದದ್ದನ್ನ ತಾ."

ನಾನು ಹೂಂ ಎಂದೆ. ಮರದ ಪಾಚಿಯಿಂದ ಆ ಜೇಡವನ್ನು ಕುಂಚದ ತುದಿಯಲ್ಲಿ ಎತ್ತಿದ್ದವಳು ನಾನು. ಎತ್ತುವಾಗ ಏನೋ ಕೂದಲಿನಷ್ಟು ಎಳೆದಂತಾಗಿತ್ತು. ಅದಕ್ಕೆ ಎಡಗೈ ಮೊದಲೇ ಇರಲಿಲ್ಲವೋ, ಆಗ ಹೋಯಿತೋ, ಇವತ್ತಿಗೂ ಗೊತ್ತಿಲ್ಲ. ಯಾರಿಗೂ ಹೇಳಿಯೂ ಇಲ್ಲ. ಈಗ ಹೇಳಬೇಕೆಂದು ತಿರುಗಿದೆ. ಕಾಕು ಬಾಗಿಲು ಹಿಡಿದು ಕಾಯುತ್ತಿದ್ದರು, ಎಷ್ಟು ಹೊತ್ತಾದರೂ ಕಾಯುವವರ ಹಾಗೆ.

ಲಿಫ್ಟು ಬಂತು. ನಾನು ಹತ್ತಲಿಲ್ಲ, ಅದು ಹಾಗೇ ಮೇಲೆ ಹೋಯಿತು.

"ಕಾಕು," ಎಂದೆ, "ಒಂದು ಮಾತು ಹೇಳೋದಿತ್ತು."