ಮೂರೂವರೆ ಗಂಟೆ ಹೆಚ್ಚು

ವಿಮಾನದ ಬಾಗಿಲು ಮುಚ್ಚಿದ ಮೇಲೆ ಕ್ಯಾಪ್ಟನ್ ಹೇಳಿದರು: ಹೆಲ್ಸಿಂಕಿಯಿಂದ ಟೋಕಿಯೋಗೆ ಹದಿಮೂರು ಗಂಟೆ.

ಇರ್ಯಾ ಲೂಕ್ಕೊನೆನ್‌ಗೆ ನಂಬಲಾಗಲಿಲ್ಲ. ಅವಳ ಲೆಕ್ಕದಲ್ಲಿದ್ದದ್ದು ಒಂಬತ್ತೂವರೆ.

ಮೂವತ್ತು ವರ್ಷ ಭೂಮಾಪನದಲ್ಲಿ ದುಡಿದವಳು. ಟಿಕೆಟ್ಟಿನಲ್ಲಿ ಎರಡು ಊರುಗಳ ಬೇರೆಬೇರೆ ಸಮಯ ನೋಡಿ ಒಂದರಿಂದ ಒಂದನ್ನು ಕಳೆಯುತ್ತ ಕೂರುವ ಬದಲು, ಭೂಗೋಳದ ಮೇಲೆ ದಾರ ಎಳೆದು ಅಳೆದಿದ್ದಳು: ಏಳು ಸಾವಿರದ ಎಂಟುನೂರು ಕಿಲೋಮೀಟರ್. ವಿಮಾನದ ವೇಗದಿಂದ ಭಾಗಿಸಿ, ಏರಲು ಇಳಿಯಲು ಒಂದಿಷ್ಟು ಸೇರಿಸಿದ್ದಳು. ಯುದ್ಧದಿಂದ ರಷ್ಯಾದ ಆಕಾಶ ಮುಚ್ಚಿ, ವಿಮಾನಗಳು ಸುತ್ತುಹಾಕಿ ಹೋಗುವುದು ಅವಳಿಗೆ ಗೊತ್ತಿತ್ತು. ದಾರ ಎಳೆಯುವಾಗ ನೆನಪಾಗಲಿಲ್ಲ, ಅಷ್ಟೆ.

ಮುಚ್ಚಿದ ಜಾಗವೆಂದರೆ ಅವಳಿಗೆ ಜೀವ ಬಾಯಿಗೆ ಬರುತ್ತದೆ. ಅದಕ್ಕೇ ಎರಡು ತಿಂಗಳು ಅಭ್ಯಾಸ ಮಾಡಿದ್ದಳು. ಮನೆಯ ಕಟ್ಟಡದ ನೆಲಮಾಳಿಗೆಯಲ್ಲಿ ಹಳೆಯ ಸಾಮಾನು ಇಡುವ ತಂತಿಜಾಲರಿಯ ಗೂಡಿನೊಳಗೆ ಕುರ್ಚಿ ಹಾಕಿಕೊಂಡು ಕೂರುವುದು. ಮೊದಲ ದಿನ ಹತ್ತು ನಿಮಿಷ. ಕಳೆದ ಭಾನುವಾರ, ಫ್ಲಾಸ್ಕಿನ ಕಾಫಿ ಮತ್ತು ರೈ ಬ್ರೆಡ್ಡಿನ ಬಲದಿಂದ, ಒಂಬತ್ತೂವರೆ ಗಂಟೆ. ಒಂದು ನಿಮಿಷವೂ ಹೆಚ್ಚಿಲ್ಲ.

ಟೋಕಿಯೋದಲ್ಲಿ ತಮ್ಮ ಓಸ್ಮೊಗೆ ನಾಳಿದ್ದು ಬೆಳಿಗ್ಗೆ ಹೃದಯದ ಆಪರೇಷನ್. ಅಷ್ಟರೊಳಗೆ ಅವನ ಮುಖ ನೋಡಬೇಕು. "ಅಕ್ಕಾ, ಲಿಫ್ಟೇ ಹತ್ತದವಳು ನೀನು, ವಿಮಾನ ಹತ್ತುತ್ತೀಯಾ?" ಎಂದು ಫೋನಿನಲ್ಲಿ ನಕ್ಕಿದ್ದ. ನಗು ಅರ್ಧಕ್ಕೇ ಏದುಸಿರಾಗಿತ್ತು.

ರೆಕ್ಕೆಗೆ ಕಟ್ಟಿದ ಹಿಮ ತೊಳೆಸಿಕೊಳ್ಳುವ ಸಾಲಿನಲ್ಲಿ ವಿಮಾನ ನಿಂತೇ ಇತ್ತು. ಅವಳು ತಲೆಮೇಲಿನ ಕರೆಗುಂಡಿ ಒತ್ತಿದಳು. ಗಗನಸಖಿ ಬಂದಳು.

"ನಾನು ಇಳೀಬೇಕು."

"ಇಳೀಬಹುದಮ್ಮ. ಆದ್ರೆ ನೀವಿಳಿದ್ರೆ ನಿಮ್ಮ ಪೆಟ್ಟಿಗೇನೂ ಹುಡುಕಿ ಇಳಿಸ್ಬೇಕು. ಮುಕ್ಕಾಲು ಗಂಟೆ. ಅಷ್ಟರಲ್ಲಿ ಪೈಲಟ್‌ಗಳ ಕೆಲಸದ ಗಂಟೆ ಮುಗಿದುಹೋಗತ್ತೆ. ವಿಮಾನ ಇವತ್ತು ಹೊರಡಲ್ಲ."

"ನಾಳೆ?"

"ನಾಳೆ ಇದೇ ಹೊತ್ತಿಗೆ."

ನಾಳೆ ಹೊರಟರೆ ತಲುಪುವುದು ನಾಳಿದ್ದು ಸಂಜೆ. ಆಪರೇಷನ್ ಮುಗಿದಿರುತ್ತದೆ, ಅದು ಹೇಗೆ ಮುಗಿದಿದ್ದರೂ. ಅವಳು ಮುಂದಿನ ಸಾಲುಗಳ ತಲೆಗಳನ್ನು ನೋಡಿದಳು. ಅಷ್ಟು ಜನರೂ ಅವಳ ಜೊತೆ ಇಳಿಯಬೇಕಾಗುತ್ತದೆ.

"ಏನ್ ಮಾಡ್ಲಿ ಅಮ್ಮ? ಈಗಲೇ ಹೇಳ್ಬೇಕು."

ಇರ್ಯಾ ಬೆಲ್ಟಿನ ಪಟ್ಟಿಯನ್ನು ಹೊಟ್ಟೆ ಒತ್ತುವಷ್ಟು ಎಳೆದಳು. "ಬೇಡ."

ಪಕ್ಕದ ದಪ್ಪ ಮನುಷ್ಯ ಇಷ್ಟು ಹೊತ್ತೂ ಸಭ್ಯನಾಗಿ ಎದುರು ಸೀಟಿನ ಬೆನ್ನನ್ನೇ ನೋಡುತ್ತಿದ್ದ. ನಮಸ್ಕಾರವನ್ನೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಗುರುತಿಲ್ಲದವರನ್ನು ಮಾತಾಡಿಸುವುದು ಜೀವನದಲ್ಲೇ ಮೊದಲು ಎಂಬಂತೆ ಅವಳು ಅವನ ಕಡೆ ತಿರುಗಿದಳು.

"ನೀವು ಮಾತಾಡ್ತೀರಾ?"

"ನಾನಾ?" ಅವನ ಕಿವಿ ಕೆಂಪಾಯಿತು. "ನಾನು ಮನೇಲೇ ಬಾಯಿ ಬಿಡಲ್ಲ. ನನ್ ಹೆಂಡ್ತಿ ಕೇಳಿಸ್ಕೊಂಡ್ರೆ ಬಿದ್ದು ಬಿದ್ದು ನಗ್ತಾಳೆ."

"ಒಂಬತ್ತೂವರೆ ಗಂಟೆ ನಾನೇ ಹೇಗೋ ತಡ್ಕೋತೀನಿ. ಆಮೇಲಿನ ಮೂರೂವರೆ ಆಗಲ್ಲ."

ವಿಮಾನ ಅಲುಗಿ ಮುಂದಕ್ಕೆ ಹೊರಟಿತು. ಅವನು ಬೆರಳು ಮಡಚಿ ಏನೋ ಲೆಕ್ಕ ಹಾಕಿದ.

"ದೋಣಿ ಎಂಜಿನ್ ರಿಪೇರಿ ವಿಷಯ ಆಗ್ಬಹುದಾ?" ಎಂದ. "ಅದೊಂದೇ ನಂಗೆ ಅಷ್ಟು ಹೊತ್ತು ಮಾತಾಡೋಕೆ ಬರೋದು."