ಪೆಪ್ಪರಮೆಂಟಿನ ವಾಸನೆ

"ಬಂತಾ ಸ್ವಾಮಿ?" ಅಡುಗೆಮನೆಯ ನೆಲಕ್ಕೆ ಮೂಗು ಹಚ್ಚಿಕೊಂಡೇ ಕೆಜಾಯಾ ಕೇಳಿದಳು.

"ತಡಿಯಮ್ಮಾ, ಈಗಷ್ಟೇ ಸುರಿದಿದಾನೆ," ಎಂದ ಟಕ್‌ವೆಲ್.

ಬೆಳಗಿನಿಂದ ಪೆಕ್‌ಹ್ಯಾಮ್ ಬಡಾವಣೆಯಲ್ಲಿ ಅವನಿಗೆ ಇದು ಏಳನೆಯ ಮನೆ. ನೈರ್ಮಲ್ಯದ ಇನ್‌ಸ್ಪೆಕ್ಟರ್ ಎಂದರೆ ಕೊನೆಗೆ ಒಂದು ಮೂಗು, ಅಷ್ಟೆ. ಹಿತ್ತಲಲ್ಲಿ ಏಣಿ ಹತ್ತಿದ್ದ ಅವನ ಆಳು ಜೇಬೆಜ್, ಮೋರಿಯ ಕೊಳವೆಯ ಮೇಲ್ತುದಿಗೆ ಪೆಪ್ಪರಮೆಂಟಿನ ಎಣ್ಣೆ ಸುರಿದು ಬಿಸಿನೀರು ಹೊಯ್ದಿದ್ದ. ಮನೆಯೊಳಗೆ ಎಲ್ಲಾದರೂ ಅದು ಘಮ್ಮೆಂದರೆ ಕೊಳವೆ ಒಡೆದಿದೆ, ರೋಗದ ಗಾಳಿ ಅಲ್ಲಿಂದಲೇ ಬಂದಿದೆ ಎಂದರ್ಥ. ಸುರಿದವನ ಮೈಗೂ ಅದೇ ವಾಸನೆ ಹತ್ತಿರುತ್ತದೆ. ಪರೀಕ್ಷೆ ಮುಗಿಯುವ ತನಕ ಅವನು ಹೊಸ್ತಿಲು ದಾಟುವಂತಿಲ್ಲ.

ಒಂಬತ್ತು ದಿನದ ಹಿಂದೆ ಕೆಜಾಯಾಳ ಐದು ವರ್ಷದ ಮಗ ಆಲ್ಫಿ ಗಂಟಲಮಾರಿಯಿಂದ ಸತ್ತಿದ್ದ. ಅದರ ಹಿಂದಿನ ವಾರ ಎದುರುಮನೆಯ ಹುಡುಗಿ ನೆಲ್ಲಿ.

"ಅಲ್ಲೇನು ಮೂಸ್ತೀಯೇ?" ಒಲೆಯ ಬಳಿ ಕೂತಿದ್ದ ಅತ್ತೆ ಅಂದಳು. "ಆ ಹುಡುಗಿ ಹೆಣಕ್ಕೆ ಕೂಸಿನ ಕೈಲಿ ಮುತ್ತು ಕೊಡಿಸಿದೋಳು ನೀನು. ಮೋರಿ ಏನ್ ಮಾಡೀತು, ಪಾಪ!"

"ಕೊಡಿಸದಿದ್ರೆ ಸತ್ತೋರು ಕನಸಲ್ಲಿ ಬರ್ತಾರೆ ಅಂದಿದ್ದು ನೀವೇ ಅಲ್ವಾ ಅತ್ತೆ?"

"ಅಂದೆ. ಎತ್ತಿ ಹಿಡಿದೋಳು ಯಾರು?"

ಕೆಜಾಯಾ ಟಕ್‌ವೆಲ್‌ನತ್ತ ತೆವಳಿ ಬಂದಳು. ಅವನಿಗೆ ಮಾತ್ರ ಕೇಳುವಂತೆ ಹೇಳಿದಳು: "ಒಲ್ಲೆ ಅಂತ ಮುಖ ತಿರುಗಿಸ್ದ ಸ್ವಾಮಿ. ನಾನೇ ಬಗ್ಗಿಸ್ದೆ. ಮೋರೀದೇ ಆಗಿರ್ಬೇಕು, ನೋಡಿ ನೀವು."

ಅವನು ನೋಡಿದ. ತೊಟ್ಟಿಯ ಕೆಳಗೆ, ಮೆಟ್ಟಿಲ ಸಂದಿಯಲ್ಲಿ, ಹಾಲಿಡುವ ಗೂಡಿನಲ್ಲಿ ಮೂಸಿದ. ಬೆಂದ ಕೋಸು, ಇದ್ದಿಲ ಹೊಗೆ, ಮಗುವಿನ ಹಾಸಿಗೆಗೆ ಎರಚಿದ್ದ ರೋಗನಾಶಕ ಕಾರ್ಬಾಲಿಕ್. ಬೇರೇನೂ ಇಲ್ಲ. ಉಳಿದ ಮನೆಗಳಲ್ಲಿ ಕೊಳವೆ ಒಡೆದಿರದಿರಲಿ ಎಂದು ದೇವರಿಗೆ ಹರಕೆ ಹೊರುತ್ತಾರೆ. ಊರೆಲ್ಲ ಒಡೆದು ಹಾಳಾಗಿರುವ ಈ ದರಿದ್ರ ಕೊಳವೆ ಇಲ್ಲೊಂದು ಕಡೆ ಒಡೆಯಬಾರದಿತ್ತೇ! ಅವನಿಗೆ ಸಾಕುಸಾಕಾಗಿತ್ತು.

ಕಾಲು ಗಂಟೆ ಕಳೆಯಿತು. ಕೆಜಾಯಾ ಮೊಣಕಾಲೂರಿ ಹಲಗೆಯಿಂದ ಹಲಗೆಗೆ ತೆವಳುತ್ತಲೇ ಇದ್ದಳು. ಟಕ್‌ವೆಲ್ ಹಿತ್ತಲ ಬಾಗಿಲು ತೆಗೆದ.

"ಜೇಬೆಜ್, ನನ್ನ ಕೋಟು ತಗೊಂಡು ಒಳಗೆ ಬಾ."

"ಒಳಕ್ಕಾ? ನಾನಾ? ಸಾಹೇಬ್ರೇ, ಒಳಗೆ ಕಾಲಿಟ್ರೆ ಕೆಲಸ ಹೋಗುತ್ತೆ ಅಂತ ನೀವೇ..."

"ಬಾ ಅಂದ್ನಲ್ಲ. ಬಾಗಿಲು ಹಾಕ್ಕೊ."

ಜೇಬೆಜ್ ಬಂದು ಗೋಡೆಗೊರಗಿ ನಿಂತ. ನೆಲಕ್ಕೆ ಬಾಗಿದ್ದ ಕೆಜಾಯಾ ಅವನತ್ತ ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಹಲಗೆಯ ಸಂದಿಗೆ ಮೂಗು ಒತ್ತಿದಳು.

"ಬಂತು," ಎಂದಳು. "ಅಯ್ಯೋ ದೇವರೇ, ಬಂತು! ಅತ್ತೆ, ನಿಮಗೆ ಬಂತಾ?"

ಮುದುಕಿ ಜೇಬೆಜ್‌ನ ಎಣ್ಣೆ ಹತ್ತಿ ಒದ್ದೆಯಾದ ತೋಳನ್ನು ನೋಡಿದಳು. ಟಕ್‌ವೆಲ್‌ನ ಮುಖ ನೋಡಿದಳು. ಜೇಬೆಜ್ ಕೈಗಳನ್ನು ಬೆನ್ನ ಹಿಂದೆ ಸರಿಸಿದ.

"ಹೂಂ ಕಣೇ," ಎಂದಳು ಮುದುಕಿ, ಒಲೆಯ ಕಡೆ ಮುಖ ತಿರುಗಿಸಿ. "ನಂಗೂ ಬಂತು."

ಟಕ್‌ವೆಲ್ ತಪಾಸಣೆ ಬರೆಯುವ ಪುಸ್ತಕ ತೆರೆಯಲಿಲ್ಲ. ಕೆಜಾಯಾ ನೆಲಕ್ಕೆ ಕೆನ್ನೆಯಿಟ್ಟು, ಎದೆ ತುಂಬ ಉಸಿರೆಳೆದುಕೊಳ್ಳುತ್ತಲೇ ಇದ್ದಳು.